ಐದು ದಿನದ ನಗುಮುಖ

ಒತ್ತುತ್ತಿರುವುದು ಅಜ್ಜಿಯೇ. ನರ್ಸ್ ಒಕ್ಜುಗೆ ಅದರಲ್ಲಿ ಅನುಮಾನ ಉಳಿದಿರಲಿಲ್ಲ.

ಮೂರನೇ ಹಾಸಿಗೆಯ ದಾಬಿನ್‌ಗೆ ಆರು ವರ್ಷ. ಒಡೆದ ಅಪೆಂಡಿಕ್ಸ್ ತೆಗೆದು ಐದು ದಿನವಾಗಿತ್ತು. ಪಾಲಕಿಯಾಗಿ ಜೊತೆಗಿದ್ದವರು ಅವಳ ಅಜ್ಜಿ. ಅವಳ ಪಕ್ಕದಲ್ಲಿ ಕೊಂಗಿ ಮಲಗಿತ್ತು. ಅದೊಂದು ಮೊಲದ ರೋಬಾಟ್. ಎರಡು ಗಂಟೆಗೊಮ್ಮೆ ಕುಂಯ್‌ಗುಡುತ್ತಿತ್ತು. ಎದೆಯ ಮೇಲೆ ಆರು ಮುಖಗಳು ಬೆಳಗುತ್ತಿದ್ದವು. ಮೊದಲನೆಯದು ನಗುಮುಖ, ಕೊನೆಯದು ಬಿಕ್ಕಿ ಅಳುವ ಮುಖ. ನೋವು ಎಷ್ಟಿದೆಯೋ ಅದಕ್ಕೆ ಹೊಂದುವ ಮುಖ ಒತ್ತಬೇಕು. ಒತ್ತಿದ್ದು ನೇರ ಡಾಕ್ಟರ ಪರದೆಗೆ ಹೋಗುತ್ತಿತ್ತು. ಐದು ದಿನವೂ ಒಂದೇ ಮುಖ. ನಗುಮುಖ.

ಆದರೆ ಮಗು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮಗ್ಗುಲು ಬದಲಿಸುವಾಗ ತುಟಿ ಕಚ್ಚುತ್ತಿತ್ತು. ಈ ಬೆಳಿಗ್ಗೆ ಮೈ ಬಿಸಿ.

ಮೊಲವನ್ನು ತಂದುಕೊಟ್ಟವಳು ಒಕ್ಜುವೇ. ಮೊದಲ ದಿನ ಮಗುವಿನ ಅಳು ನಿಲ್ಲಿಸಲು ಯಾರಿಂದಲೂ ಆಗಿರಲಿಲ್ಲ. ಮೊಲದ ಹೊಟ್ಟೆಗೂ ಒಂದು ಪಟ್ಟಿ ಸುತ್ತಿ, "ನೋಡು, ಇವನಿಗೂ ಆಪರೇಷನ್ ಆಗಿದೆ. ಪಾಪ, ಜೊತೆಗೆ ಯಾರೂ ಬಂದಿಲ್ಲ. ಇವನ ಪಾಲಕಿ ನೀನೇ," ಎಂದಿದ್ದಳು. ಪಾಲಕರು ಕಟ್ಟಿಕೊಳ್ಳುವ ಹಳದಿ ಪಟ್ಟಿಯನ್ನು ಪುಟ್ಟ ಕೈಗೂ ಕಟ್ಟಿದ್ದಳು. ಅಳು ಅಲ್ಲಿಗೇ ನಿಂತಿತ್ತು. ಇಡೀ ವಾರ್ಡು ಒಕ್ಜುವನ್ನು ಹೊಗಳಿತ್ತು.

ಒಂಬತ್ತಕ್ಕೆ ಡಾಕ್ಟರ್ ನಾಮ್ ಬಂದರು. ಎಂದಿನಂತೆ ಅಜ್ಜಿಯತ್ತ ತಿರುಗಿದರು.

"ಮಗೂಗೆ ಗಾಳಿ ಹೋಯ್ತಾ?"

"ಹೋಗ್ದೆ ಏನು ಡಾಕ್ಟ್ರೇ! ಪಕ್ಕದ ಹಾಸಿಗೆಯವ್ರು ಎದ್ದು ಕೂತ್ರು."

"ನೋವು?"

"ಎಲ್ಲಿಯ ನೋವು! ನಮ್ಮನೆ ಹುಡುಗಿ ಗಟ್ಟಿಗಿತ್ತಿ."

ಡಾಕ್ಟರು ಪರದೆ ನೋಡಿದರು. ನಗುಮುಖಗಳ ಸಾಲು. "ಜ್ವರ ಅಂಥಾದ್ದೇನಿಲ್ಲ. ಮಧ್ಯಾಹ್ನ ಮನೆಗೆ ಹೋಗ್ಬಹುದು."

"ನನ್ನನ್ನ ಬದುಕಿಸಿದ್ರಿ! ಅರವತ್ತು ಎಲೆಕೋಸು ಉಪ್ಪಲ್ಲಿ ಬಿದ್ದಿವೆ. ಇವತ್ತು ಕಿಮ್ಚಿ ಉಪ್ಪಿನಕಾಯಿ ಹಾಕ್ಲಿಲ್ಲ ಅಂದ್ರೆ ನನ್ನ ನಾದಿನೀರು ನನ್ನನ್ನೇ ಉಪ್ಪಿಗೆ ಹಾಕ್ತಾರೆ."

ಎಲ್ಲರೂ ನಕ್ಕರು. ಒಕ್ಜು ನಗಲಿಲ್ಲ. ಹೊಟ್ಟೆಯೊಳಗೆ ಕೀವಾಗುತ್ತಿದ್ದರೆ? ಇವರ ಊರಿಗೆ ಬಸ್ಸಿನಲ್ಲಿ ಮೂರು ಗಂಟೆ. ಅಲ್ಲಿ ಡಾಕ್ಟರಿಲ್ಲ. ವಾಪಸು ತರುವಷ್ಟರಲ್ಲಿ ಮಗು ಉಳಿಯುತ್ತದೆಯೋ ಇಲ್ಲವೋ.

ರೋಬಾಟ್ ನೋಡಿಕೊಳ್ಳುವವನನ್ನು ಕರೆಸಿದಳು. ಅವನು ಆರೂ ಮುಖ ಒತ್ತಿ ನೋಡಿ, "ಮೊಲ ಸರಿಯಾಗಿದೆ ಅಕ್ಕಾ, ತಪ್ಪು ಮನುಷ್ಯರದ್ದೇ ಇರ್ಬೇಕು," ಎಂದು ಹೋದ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಅಜ್ಜಿ ಊಟ ತರಲು ಕೆಳಗಿಳಿದರು. ಒಕ್ಜು ಹಾಸಿಗೆಯ ಸುತ್ತಲಿನ ಬಟ್ಟೆಯ ಪರದೆಯ ಮರೆಯಲ್ಲಿ ನಿಂತಳು. ಕೊಂಗಿ ಕುಂಯ್‌ಗುಟ್ಟಿತು. ದಾಬಿನ್ ಮೆಲ್ಲಗೆ ಕೈ ಚಾಚಿ ಅದರ ಕಿವಿ ನೇವರಿಸಿದಳು. ಹೊದಿಕೆ ಸರಿಮಾಡಿದಳು. ಒಂದು ಕ್ಷಣ ಯೋಚಿಸಿದಳು. ಆಮೇಲೆ ನಗುಮುಖ ಒತ್ತಿದಳು. ಹತ್ತಿರ ಯಾರೂ ಇರಲಿಲ್ಲ.

ಒಕ್ಜು ಒಳಗೆ ಬಂದಳು. "ಪುಟ್ಟೀ, ಹೊಟ್ಟೆ ನೋಯ್ತಿದ್ಯಾ?"

ಮಗು ಬಾಗಿಲು ನೋಡಿತು. "ಅಜ್ಜಿ ಬರ್ಲಿ."

"ಅಜ್ಜಿ ಯಾಕೆ? ನೀನೇ ಹೇಳು."

"ಊಹೂಂ. ಅಜ್ಜೀನೇ ಹೇಳ್ಬೇಕು."

ಹಾಗಾದರೆ ಅಜ್ಜಿ ತಾವೇ ಒತ್ತಿಲ್ಲ, ಮಗುವಿಗೆ ಹೇಳಿಕೊಟ್ಟಿದ್ದಾರೆ. ಒಕ್ಜುಗೆ ಮೈ ಉರಿಯಿತು. ಹೊದಿಕೆ ಸರಿಸಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಹಲಗೆಯಂತೆ ಬಿಗಿದಿತ್ತು. ದಾಬಿನ್‌ಳ ಕಣ್ಣು ತುಂಬಿ ಹರಿಯಿತು. ಬಾಯಿಂದ ಸದ್ದಿಲ್ಲ.

ಆಮೇಲೆ ಎಲ್ಲವೂ ಧಾವಂತದಲ್ಲೇ. ಡಾಕ್ಟರು ಬಂದರು, ಸ್ಕ್ಯಾನ್ ಆಯಿತು. ಒಳಗೆ ಕೀವು. "ಸದ್ಯ, ಹೊತ್ತು ಮೀರಿಲ್ಲ," ಎಂದರು ಡಾಕ್ಟರು, ಯಾರ ಮುಖವನ್ನೂ ನೋಡದೆ. "ಈಗಲೇ ತೆಗೆದ್ರೆ ಹುಷಾರಾಗ್ತಾಳೆ."

ಸ್ಟ್ರೆಚರ್ ಲಿಫ್ಟಿನ ಮುಂದೆ ನಿಂತಿತ್ತು. ಲಿಫ್ಟಿನಿಂದ ಊಟದ ಡಬ್ಬಿ ಹಿಡಿದ ಅಜ್ಜಿ ಹೊರಬಂದರು.

"ಎಲೆಕೋಸಿಗೋಸ್ಕರ ಮಗೂಗೆ ಸುಳ್ಳು ಹೇಳ್ಕೊಟ್ರಾ ಅಜ್ಜೀ?" ಒಕ್ಜುಗೆ ತಡೆಯಲಾಗಲಿಲ್ಲ.

"ಏನಂದೆ? ಆ ಎಲೆಕೋಸೆಲ್ಲ ಕೊಳೆತು ನಾರ್ಲಿ! ಏ ಪುಟ್ಟೀ, ನೀನೇ ಹೇಳು ಇವ್ಳಿಗೆ. ಸುಳ್ಳು ಒತ್ತು ಅಂತ ನಾನು ಅಂದ್ನಾ?" ಅಜ್ಜಿ ಡಬ್ಬಿ ಕೆಳಗಿಟ್ಟು ಸ್ಟ್ರೆಚರಿನತ್ತ ಬಾಗಿದರು. "ಯಾಕೆ ಒತ್ತಿದ್ಯೇ ಸುಳ್ಳು?"

"ಸುಳ್ಳು ಒತ್ತಿಲ್ಲ," ಎಂದಳು ದಾಬಿನ್. "ಕೊಂಗಿಗೆ ನಿಜವಾಗ್ಲೂ ನೋವಿಲ್ಲ, ಅವನ ಪಾಲಕಿ ನಾನಲ್ವಾ, ಅದಕ್ಕೇ ಅವನದ್ದು ನಾನು ಒತ್ತಿದೆ, ನನ್ನ ನೋವು ಹೇಳ್ಬೇಕಾದ್ದು ನೀನು ತಾನೆ ಅಜ್ಜೀ, ಡಾಕ್ಟ್ರು ಯಾವಾಗ್ಲೂ ನಿನ್ನನ್ನೇ ಅಲ್ವಾ ಕೇಳೋದು?"