ಎರಡನೇ ಮಗ್ಗುಲು

"ಗಂಟು ಆಲಿವ್ ಕಾಯಿ ಇದ್ದ ಹಾಗಿದೆ ಅಮ್ಮ. ನುಣ್ಣಗೆ, ಉದ್ದುದ್ದಕ್ಕೆ. ಇಂಥವು ಏನೂ ಮಾಡಲ್ಲ. ಆರು ತಿಂಗಳು ಬಿಟ್ಟು ಬನ್ನಿ" ಎಂದ ಡಾಕ್ಟರ್ ಅನೀಸ್, ಅಲ್ಟ್ರಾಸೌಂಡಿನ ಪರದೆ ನೋಡುತ್ತ. ಆಲಿವ್ ತೋಟಗಳ ಊರಾದ ಸ್ಫಾಕ್ಸ್‌ನ ಆ ಆಸ್ಪತ್ರೆಗೆ ಅವನು ತರಬೇತಿಗೆಂದು ಬಂದು ನಾಲ್ಕೇ ತಿಂಗಳಾಗಿತ್ತು. ಎದೆಯ ಗಂಟಿಗೆಲ್ಲ ಆಲಿವ್, ನಿಂಬೆ, ಖರ್ಜೂರ ಎಂದು ಹೆಸರಿಡುವ ಊರಿನ ಚಾಳಿ ಅಷ್ಟರಲ್ಲೇ ಅಂಟಿತ್ತು.

ಮಂಚದ ಮೇಲಿದ್ದ ಮನ್ನೂಬಿಯಾ ಏಳಲಿಲ್ಲ. ಎಣ್ಣೆ ಗಾಣದಲ್ಲಿ ಮೂವತ್ತು ವರ್ಷ ಆಲಿವ್ ಆರಿಸಿದ ಹೆಂಗಸು ಆಕೆ.

"ಎಷ್ಟು ಕಡೆಯಿಂದ ನೋಡ್ದೆ ಮಗಾ?"

"ಒಂದು ಕಡೆಯಿಂದ. ಚೆನ್ನಾಗೇ ಕಾಣಿಸ್ತು."

"ಕಾಣ್ಸುತ್ತಪ್ಪ. ಹುಳ ಕೊರೆದ ಕಾಯಿನೂ ಒಂದು ಮಗ್ಗುಲಿಂದ ಮದುಮಗಳ ಹಾಗೇ ಇರುತ್ತೆ. ಹೊರಳಿಸಿ ನೋಡದೆ ಬುಟ್ಟಿಗೆ ಹಾಕಿದ್ರೆ ನಮ್ಮ ಮೇಸ್ತ್ರಿ ಅವತ್ತೇ ಮನೆಗೆ ಕಳಿಸ್ತಾನೆ!"

ಬಾಗಿಲಲ್ಲಿ ನಿಂತಿದ್ದ ಹಿರಿಯ ವೈದ್ಯೆ ವಸೀಲಾಗೆ ನಗು ಬಂತು, ಬೆನ್ನಿಗೇ ಸಿಟ್ಟೂ ಬಂತು. "ಇದನ್ನೇ ನಾನು ನಾಲ್ಕು ತಿಂಗಳಿಂದ ಬಡ್ಕೋತಿದ್ದೀನಿ. ಸರಿ ಆ ಕಡೆ" ಎಂದು ಅನೀಸನ ಕೈಯಲ್ಲಿದ್ದ ಅಲ್ಟ್ರಾಸೌಂಡಿನ ಪ್ರೋಬನ್ನು ಕಿತ್ತುಕೊಂಡು ಅದೇ ಜಾಗದ ಮೇಲಿಟ್ಟು ಅಡ್ಡಕ್ಕೆ ತಿರುಗಿಸಿದರು.

ಪರದೆಯ ಮೇಲಿನ ನುಣುಪು ಮಾಯವಾಯಿತು. ಗಂಟಿನ ಅಂಚು ಅಲ್ಲಲ್ಲಿ ಹರಿದು, ಸುತ್ತಲೂ ಸಣ್ಣ ಬೇರು ಚಾಚಿತ್ತು. ಅನೀಸ್ ಪರದೆಯತ್ತ ಇನ್ನಷ್ಟು ಬಾಗಿದ. ಈಕೆ ತನ್ನ ಮಾತು ನಂಬಿ ಎದ್ದು ಹೋಗಿದ್ದರೆ ಆರು ತಿಂಗಳು ಇದು ಸುಮ್ಮನೆ ಬೆಳೆಯುತ್ತಿತ್ತು.

"ಮುಚ್ಚಿಡಲ್ಲ ಮನ್ನೂಬಿಯಾ" ಎಂದರು ವಸೀಲಾ. "ಇದರ ಆಕಾರ ನನಗೆ ಹಿಡಿಸ್ಲಿಲ್ಲ. ನಾಳೆನೇ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡ್ತೀವಿ. ಕೆಟ್ಟದ್ದೇ ಆದ್ರೂ ಇನ್ನೂ ಎಂಟೇ ಮಿಲಿಮೀಟರ್. ನಾನು ಬಿಡಲ್ಲ ಅದನ್ನ."

ಮನ್ನೂಬಿಯಾಗೆ ಹೆದರಿಕೆ ಆಗದೆ ಇರಲಿಲ್ಲ. "ನಾನೂ ಬಿಡಲ್ಲ. ನವೆಂಬರ್‌ಗೆ ಗಾಣ ಶುರು. ಕಾಯಿ ಆರಿಸೋಕೆ ನಾನು ಇರ್ಬೇಕು" ಎಂದು ಎದ್ದು ಕೂತಳು.

'ಆಲಿವ್ ಆಕಾರ' ಎಂದು ಆಗಲೇ ಬರೆದಿದ್ದ ರಿಪೋರ್ಟನ್ನು ಅನೀಸ್ ತಿದ್ದಲು ಕೂತ. "ಹಣ್ಣುಕಾಯಿ ಹೆಸರು ಏನೂ ಬೇಡ. ಅಂಡಾಕಾರ, ದುಂಡು, ಅಡ್ಡಾದಿಡ್ಡಿ. ಮೂರರಲ್ಲಿ ಒಂದು ಬರಿ" ಎಂದರು ವಸೀಲಾ. ಅವನು 'ಅಡ್ಡಾದಿಡ್ಡಿ' ಎಂದು ಬರೆದ.

ಗುಂಡಿ ಹಾಕಿಕೊಳ್ಳುತ್ತ ಮನ್ನೂಬಿಯಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಆಲಿವ್ ಅನ್ನೋದನ್ನ ಪೂರ್ತಿ ಅಳಿಸಿದ್ಯಾ ಮಗಾ? ಮೂವತ್ತು ವರ್ಷ ನನ್ನ ಹೊಟ್ಟೆ ಹೊರೆದ ಕಾಯಿ ಅದು. ಈ ಗಂಟಿಗೆ ಅದರ ಹೆಸರಿಟ್ಟು ಮರ್ಯಾದೆ ಕಳೀಬೇಡ."