ಠಾಣೆಗೆ ಎಳೆದ ಹೊಸ ಕೇಬಲ್

ಠಾಣೆಯ ಹಳೆಯ ಕೇಬಲ್‌ನಲ್ಲಿ ಕ್ಯಾಮೆರಾದ ಚಿತ್ರ ಮೇಲಧಿಕಾರಿಯ ಕಚೇರಿಗೆ ತಡೆದು ತಡೆದು ಹೋಗುತ್ತಿತ್ತು. ಅದನ್ನು ಕಿತ್ತು, ವೇಗದ ಹೊಸ ನೆಟ್‌ವರ್ಕ್ ಕೇಬಲ್ ಎಳೆಯಲು ಪುಷ್ಪಲತಾ ಬಂದಿದ್ದಳು. ಅವಳು ಏಣಿಯ ಮೇಲಿರುವಾಗಲೇ ಕೆಳಗೆ ಇನ್ಸ್‌ಪೆಕ್ಟರ್ ಒಬ್ಬ ಆಟೋ ಚಾಲಕನನ್ನು ಲಾಠಿಯಿಂದ ಬಡಿಯತೊಡಗಿದ.

“ನಾನು ಕದ್ದಿಲ್ಲ ಸಾರ್!” ಎಂದು ಚಾಲಕ ಗೋಗರೆದ. ಮುಂದಿನ ಏಟಿಗೆ ಅವನ ಬಾಯಿಂದ ರಕ್ತದ ಜೊತೆ ಹಲ್ಲೊಂದು ನೆಲಕ್ಕೆ ಬಿತ್ತು.

ಪುಷ್ಪಲತಾ ಏಣಿಯ ಮೇಲಿಂದಲೇ ಕೂಗಿದಳು. “ಬಿಟ್ಬಿಡಿ ಸಾರ್, ಸತ್ತೋಗ್ತಾನೆ.”

“ನಿನ್ ಕೆಲ್ಸ ನೋಡ್ಕೊಳಮ್ಮ. ಕ್ಯಾಮೆರಾ ಬಂದ್ ಆಗಿದೆ ತಾನೇ?”

“ಹೂಂ ಸಾರ್, ಸಾಯಂಕಾಲದವರೆಗೂ ಬರಲ್ಲ” ಎಂದು ಸುಳ್ಳು ಹೇಳಿ, ಹೊಸ ಕೇಬಲನ್ನು ಸಿಕ್ಕಿಸಿಯೇಬಿಟ್ಟಳು. ಹಸಿರು ದೀಪ ಹತ್ತಿತು. ಇನ್ನು ಮೇಲಧಿಕಾರಿಯ ಕಚೇರಿಯ ಪರದೆಯಲ್ಲಿ ಒಂದೊಂದು ಏಟೂ ಕಾಣುತ್ತದೆ.

ಎರಡೇ ನಿಮಿಷಕ್ಕೆ ಮೇಜಿನ ಫೋನ್ ಹೊಡೆದುಕೊಂಡಿತು. ಇನ್ಸ್‌ಪೆಕ್ಟರ್ ಲಾಠಿ ಕೆಳಗಿಟ್ಟು, ನೆಟ್ಟಗೆ ನಿಂತು, “ಸರಿ ಸಾರ್, ತಪ್ಪಾಯ್ತು ಸಾರ್” ಎಂದ. ಪುಷ್ಪಲತಾಳಿಗೆ ಹೋದ ಜೀವ ಬಂದಂತಾಯಿತು.

ಫೋನ್ ಇಟ್ಟ ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ನನ್ನು ಕರೆದ.

“ಇಲ್ಲಿ ಎಲ್ಲಾ ಕಾಣ್ತಿದೆಯಂತೆ ಕಣೋ. ಇವನನ್ನ ಕ್ಯಾಮೆರಾ ಇಲ್ಲದ ರೂಮಿಗೆ ಎಳ್ಕೊಂಡೋಗಿ ಮುಂದುವರಿಸಿ ಅಂದ್ರು ಸಾಹೇಬ್ರು.”