ಕುರ್ಚಿಯ ಮೇಲೆ ಬಿಟ್ಟುಹೋದ ಹಲ್ಲು

ಪರದೆಯ ಹಿಂದೆ ಅಡಗಿದ್ದ ಅಕ್ಕ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡಳು. ಕುರ್ಚಿಯ ಮೇಲೆ ಅವಳೇ ತೆಗೆದಿಟ್ಟ ಕನ್ನಡಕ, ಹಲ್ಲಿನ ಸೆಟ್ಟು, ಕೆಳಗೆ ಚಪ್ಪಲಿ. ಯೇಸು ತನ್ನವರನ್ನು ಲೋಕದ ಕೊನೆಗಾಲದ ಮಹಾಸಂಕಟಕ್ಕೆ ಮೊದಲೇ, ಕೂತಲ್ಲಿಂದಲೇ ಮಾಯವಾಗುವಂತೆ ಮೇಲಕ್ಕೆ ಎತ್ತಿಕೊಳ್ಳುತ್ತಾನೆಂದು ಅಕ್ಕ, ಸಂಕಟ ಮುಗಿದ ಮೇಲೆಂದು ತಂಗಿ. ಐವತ್ತು ವರ್ಷದ ಜಗಳ ಇವತ್ತು ಮುಗಿಯಬೇಕಿತ್ತು.

"ಎಲ್ಲಿ ಸತ್ತೆ ಕಣೇ, ಅಕ್ಕಾ?" ಎನ್ನುತ್ತಾ ಬಂದ ತಂಗಿ ಕುರ್ಚಿ ನೋಡಿ ಬಿಳುಚಿಕೊಂಡಳು. ಹಲ್ಲಿಲ್ಲದೆ ಅಕ್ಕ ಹೊಸ್ತಿಲು ದಾಟಿದವಳೇ ಅಲ್ಲ. ತಂಗಿ ಮಂಡಿಯೂರಿ, ಆ ಸೆಟ್ಟನ್ನು ಬೊಗಸೆಯಲ್ಲಿ ಎತ್ತಿಕೊಂಡಳು.

"ನೀನು ಹೇಳಿದ್ದೇ ಸರಿ ಕಣೇ. ನಾನು ಉಳ್ಕೊಂಡೆ. ಇರ್ಲಿ ಸ್ವಾಮಿ, ಅವಳಿಗೆ ಸಂಕಟ ತಪ್ಪಿಸಿದ್ಯಲ್ಲ. ದಿನಾ ಅದನ್ನೇ ಬೇಡ್ತಿದ್ದೆ."

ಅಕ್ಕ ಬಾಯಿಂದ ಕೈ ತೆಗೆದಳು. ಅವಳೂ ದಿನಾ ಬೇಡುತ್ತಿದ್ದಳು, ಸೋತ ತಂಗಿಯ ಮುಖವನ್ನು ಒಮ್ಮೆ ತೋರಿಸೆಂದು. ಆ ಮುಖ ಈಗ ಎರಡೇ ಮಾರು ದೂರದಲ್ಲಿತ್ತು. ಅವಳು ಗೋಡೆಯ ಕಡೆ ತಿರುಗಿ ನಿಂತಳು.